ಮ್ಯಾಸ್ಕಾಟ್‌ಗೂ ಆಟ ನಡೆಯೋ ಊರಿಗೂ ನಂಟು ಇರತ್ತಾ?

ಒಲಿಂಪಿಕ್ಸು ಏಷ್ಯಾಡು ಅಂತ ಮಾಡೋ ಮ್ಯಾಸ್ಕಾಟ್‌ಗಳು (ಕೂಟದ ಗುರುತಾಗಿ ಇಟ್ಕೊಳ್ಳೋ ಪ್ರಾಣಿಯೋ ಆಕೃತಿಯೋ) ಬರೀ ಗೊಂಬೆ, ಟೀಶರ್ಟ್ ಮಾರೋಕಾ, ಊರಿಗೂ ಏನಾದ್ರೂ ಸಂಬಂಧ ಇರತ್ತಾ ಅಂತ ಕೇಳಿದೀರ. ಮಾರೋಕೇನೇ, ಅದ್ರಲ್ಲಿ ಡೌಟ್ ಬೇಡ. ಆದ್ರೂ ಕೆಲವಕ್ಕೆ ಊರಿನ ನಂಟು ಜೋರಾಗೇ ಇರತ್ತೆ.

1972ರ ಮ್ಯೂನಿಕ್ ತಗೊಳ್ಳಿ, ಸಮ್ಮರ್ ಒಲಿಂಪಿಕ್ಸ್‌ನ ಮೊದಲ ಅಫಿಶಿಯಲ್ ಮ್ಯಾಸ್ಕಾಟ್ ವಾಲ್ಡಿ ಅಲ್ಲೀದೇ, ಗಿಡ್ಡ ಕಾಲಿನ ಉದ್ದ ಮೈಯಿನ ಡಾಕ್ಸ್‌ಹುಂಡ್ ನಾಯಿ. ಮಜಾ ಏನಂದ್ರೆ ಮ್ಯಾರಥಾನ್ ರೂಟನ್ನೇ ಆ ನಾಯಿ ಆಕಾರದಲ್ಲಿ ಹಾಕಿದ್ರು, ಅಂದ್ರೆ ಓಡಿದೋರೆಲ್ಲ ಊರಿನ ಮೇಲೆ ಒಂದು ನಾಯಿ ಚಿತ್ರ ಬರೆದಂಗಾಯ್ತು. ಗೆದ್ದಿದ್ದು ಅಮೆರಿಕದ ಫ್ರಾಂಕ್ ಶಾರ್ಟರ್, ಆತ ಹುಟ್ಟಿದ್ದೂ ಮ್ಯೂನಿಕ್‌ನಲ್ಲೇ!

ಇದಕ್ಕೆ ಪೂರ್ತಿ ಉಲ್ಟಾ 1996ರ ಅಟ್ಲಾಂಟಾದ ಇಜ್ಜಿ. ಪ್ರಾಣೀನೂ ಅಲ್ಲ ಮನುಷ್ಯನೂ ಅಲ್ಲ, ಕಂಪ್ಯೂಟರ್‌ನಲ್ಲಿ ಮಾಡಿದ ನೀಲಿ ಆಕೃತಿ, ಅದಕ್ಕೆ ಮೊದ್ಲು ಇಟ್ಟಿದ್ದ ಹೆಸರೇ ವಾಟಿಜಿಟ್, ಅಂದ್ರೆ 'ಏನಿದು'! ನೋಡಿದೋರೂ ಅದನ್ನೇ ಕೇಳಿದ್ರು.

ನಂಟು ಇದ್ಬಿಟ್ರೆ ಸಾಕು ಅಂತಾನೂ ಇಲ್ಲ. 2012ರ ಲಂಡನ್‌ನ ವೆನ್‌ಲಾಕ್ ನೋಡಿ, ಮಚ್ ವೆನ್‌ಲಾಕ್ ಅನ್ನೋ ಸಣ್ಣ ಊರಿನ ಹೆಸರು ಅದು, ಅಲ್ಲಿ ಡಾಕ್ಟರ್ ಬ್ರೂಕ್ಸ್ 1850ರಿಂದ ನಡೆಸ್ತಿದ್ದ ಕ್ರೀಡಾಕೂಟಾನ 1890ರಲ್ಲಿ ಫ್ರಾನ್ಸಿನ ಕೂಬರ್ತಿನ್ ಬಂದು ನೋಡಿದ್ದ, ಆಮೇಲೇನೇ ಆತ ಈಗಿನ ಒಲಿಂಪಿಕ್ಸ್ ಶುರು ಮಾಡಿದ್ದು. ತಲೆ ಮೇಲಿನ ಲೈಟು ಲಂಡನ್ ಟ್ಯಾಕ್ಸೀದು. ಎಷ್ಟು ಚೆನ್ನಾಗಿ ಯೋಚ್ನೆ ಮಾಡಿದಾರೆ! ಆದ್ರೆ ಇಷ್ಟೆಲ್ಲ ಯಾರಾದ್ರೂ ಪಕ್ಕದಲ್ಲಿ ಕೂತು ಹೇಳ್ಬೇಕು, ಇಲ್ಲಾಂದ್ರೆ ಕಾಣೋದು ಬರೀ ಒಂಟಿಕಣ್ಣಿನ ಬೊಂಬೆ.

1982ರ ದೆಹಲಿ ಏಷ್ಯಾಡ್‌ನ ಆನೆಮರಿ ಅಪ್ಪು ವಿಷ್ಯದಲ್ಲಿ ಯಾರೂ ನಮಗೆ ಏನೂ ಹೇಳ್ಕೊಡ್ಬೇಕಾಗಿರ್ಲಿಲ್ಲ. (ಈಗ ಅಪ್ಪು ಅಂದ್ರೆ ನಮ್ ಕಡೆ ಬೇರೆಯೋರೇ ನೆನಪಾಗ್ತಾರೆ ಬಿಡಿ.) ನಾನಾಗ ಐದನೇ ಕ್ಲಾಸು, ಊರಲ್ಲಿ ಟಿವಿ ಇರ್ಲಿಲ್ಲ, ಪೇಪರಲ್ಲಿ ಬಂದಿದ್ದ ಆನೆಮರಿ ಚಿತ್ರ ಕತ್ತರಿಸಿ ಅನ್ನದ ಅಗುಳು ಹಚ್ಚಿ ನೋಟ್‌ಬುಕ್ ರಟ್ಟಿಗೆ ಅಂಟಿಸ್ಕೊಂಡಿದ್ದೆ, ಇರುವೆ ಮುತ್ತಿ ಅಮ್ಮನ ಹತ್ರ ಬೈಸ್ಕೊಂಡಿದ್ದೂ ಆಯ್ತು.

ಹಂಗ್ ನೋಡಿದ್ರೆ ಆನೆಗೂ ದೆಹಲಿಗೂ ಅಂಥಾ ನಂಟೇನಿಲ್ಲ, ಅಪ್ಪು ಆಗಿ ಬಂದಿದ್ದ ನಿಜವಾದ ಮರಿ ಕುಟ್ಟಿನಾರಾಯಣನ್ ಕೂಡ ಕೇರಳದ್ದು. ನಂಟು ಬೆಳೆದಿದ್ದು ಆಟ ಮುಗಿದ ಮೇಲೆ. 1984ರಲ್ಲಿ ಪ್ರಗತಿ ಮೈದಾನದ ಹತ್ರ ಅದೇ ಹೆಸರಲ್ಲಿ ಅಪ್ಪು ಘರ್ ಅಂತ ಪಾರ್ಕ್ ಮಾಡಿದ್ರು, ದೆಹಲಿ ಮಕ್ಕಳು ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಲ್ಲಿ ಆಡಿದ್ರು. 2008ರಲ್ಲಿ ಅದನ್ನ ಮುಚ್ಚಿದ್ರು, ಜಾಗ ಸುಪ್ರೀಂ ಕೋರ್ಟಿನ ಹೊಸ ಕಟ್ಟಡಕ್ಕೆ ಹೋಯ್ತು. ಕುಟ್ಟಿನಾರಾಯಣನ್ ಅದಕ್ಕೂ ಮುಂಚೇನೇ ಹೋಗಿಬಿಟ್ಟಿತ್ತು ಪಾಪ, ಚಿಕ್ಕವನಿದ್ದಾಗ ಸೆಪ್ಟಿಕ್ ಟ್ಯಾಂಕಿಗೆ ಕಾಲಿಟ್ಟು ಮುರ್ಕೊಂಡಿದ್ದ ಕಾಲು ಕೊನೇವರೆಗೂ ಸರಿಹೋಗ್ಲೇ ಇಲ್ಲ, 2005ರಲ್ಲಿ ಸತ್ತೋಯ್ತು.