ಹಳೆಯ ಅಪ್‌ರೈಟ್ ಪಿಯಾನೊದ ಹ್ಯಾಮರ್‌ಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಹಿರಿಯರ ಕಾಲದಿಂದ ಮನೆಯಲ್ಲಿರುವ ಅಪ್‌ರೈಟ್ ಪಿಯಾನೊಗೆ ಈಚೆಗೆ ಶ್ರುತಿ ಮಾಡಿಸಿದೆವು. ಆದರೂ ನಾದ ಕರ್ಕಶವಾಗಿಯೇ ಇದೆ. ಮುಂಭಾಗದ ಹಲಗೆ ತೆಗೆದು ನೋಡಿದರೆ, ಕೀ ಒತ್ತಿದಾಗ ತಂತಿಯನ್ನು ಹೊಡೆಯುವ ಹ್ಯಾಮರ್‌ಗಳ ಮೂತಿಯ ತುಂಬ ಆಳವಾದ ಗೀರುಗಳಿವೆ. ಎಲ್ಲವನ್ನೂ ಬದಲಾಯಿಸಲೇಬೇಕೇ?

ಉತ್ತರ: ಗೀರುಗಳನ್ನು ಕಂಡ ಮಾತ್ರಕ್ಕೆ ಬದಲಾಯಿಸಬೇಕಾಗಿಲ್ಲ. ಒಂದೇ ಜಾಗದಲ್ಲಿ ತಂತಿ ತಾಗಿ ತಾಗಿ, ಹ್ಯಾಮರಿನ ಮರಕ್ಕೆ ಹೊದಿಸಿದ ಫೆಲ್ಟ್, ಅಂದರೆ ಒತ್ತಿ ಗಟ್ಟಿಮಾಡಿದ ಉಣ್ಣೆ, ಕುಸಿಯುವುದು ಸಹಜ. ಮೂರು ತಂತಿಗಳಿರುವ ಸ್ವರದ ಹ್ಯಾಮರ್ ಮೇಲೆ ಮೂರು ಗೀರುಗಳು, ಮಂದ್ರದ ಕಡೆ ಎರಡು ಅಥವಾ ಒಂದು ಕಾಣುತ್ತವೆ. ಒತ್ತಡದಿಂದ ಗಟ್ಟಿಯಾದ ಫೆಲ್ಟ್ ನಾದವನ್ನು ಲೋಹದ ಸದ್ದಿನಂತೆ ಮೊನಚಾಗಿಸುತ್ತದೆ, ಚಪ್ಪಟೆಯಾದ ಮೂತಿ ತಂತಿಯ ಹೆಚ್ಚು ಉದ್ದಕ್ಕೆ ತಾಗಿ ಅದರ ಸ್ಪಷ್ಟತೆಯನ್ನು ಕೆಡಿಸುತ್ತದೆ. ಫೆಲ್ಟ್ ಸಾಕಷ್ಟು ದಪ್ಪ ಉಳಿದಿದ್ದರೆ, ಚಪ್ಪಟೆ ಕಡ್ಡಿಗೆ ಅಂಟಿಸಿದ ಮರಳು ಕಾಗದದಿಂದ ಎರಡೂ ಭುಜಗಳ ಕಡೆಯಿಂದ ಮೂತಿಯತ್ತ ಉಜ್ಜುತ್ತಾ, ಪದರ ಪದರವಾಗಿ ಫೆಲ್ಟನ್ನು ತೆಗೆದು ಮೊದಲಿನ ಮೊಟ್ಟೆಯಾಕಾರವನ್ನು ಮರಳಿ ಪಡೆಯಬಹುದು.

ನಿರ್ಧಾರವಾಗುವುದು ತಾರದ ಕೊನೆಯ ಸ್ವರಗಳಲ್ಲಿ. ಅಲ್ಲಿ ಫೆಲ್ಟ್ ಹೊಸದಿದ್ದಾಗಲೇ ತೆಳುವಾಗಿರುತ್ತದೆ. ಗೀರು ಮರದ ಹತ್ತಿರಕ್ಕೆ ಬಂದಿದ್ದರೆ ಉಜ್ಜಲು ಏನೂ ಉಳಿದಿರುವುದಿಲ್ಲ. ಅದರ ಜೊತೆಗೆ ನುಸಿ ತಿಂದ ಗುರುತುಗಳಿದ್ದರೆ, ಅಥವಾ ಫೆಲ್ಟ್ ಮರದಿಂದ ಬಿಟ್ಟುಕೊಂಡಿದ್ದರೆ ಇಡೀ ಸೆಟ್ ಬದಲಾಯಿಸುವುದೇ ಸರಿ. ಕೆಟ್ಟ ಹತ್ತಾರು ಹ್ಯಾಮರ್‌ಗಳನ್ನು ಮಾತ್ರ ಬದಲಿಸಿದರೆ ಹೊಸದಕ್ಕೂ ಹಳೆಯದಕ್ಕೂ ನಾದ ಕೂಡದೆ, ನುಡಿಸುವವರಿಗೆ ಆ ಗಡಿ ಪ್ರತಿ ಬಾರಿಯೂ ಕೇಳಿಸುತ್ತದೆ.

ಪ್ರಶ್ನೆ: ನನಗೆ ಮರಗೆಲಸದ ಅಭ್ಯಾಸವಿದೆ. ಹಳೆಯ ಹ್ಯಾಮರ್‌ಗಳನ್ನೆಲ್ಲ ಕಿತ್ತು, ಯಂತ್ರಭಾಗವನ್ನು ಸ್ವಚ್ಛಗೊಳಿಸಿ, ಆಮೇಲೆ ಹೊಸ ಸೆಟ್ ತರಿಸಿ ನಾನೇ ಅಂಟಿಸಬೇಕೆಂದಿದ್ದೇನೆ. ಎಚ್ಚರಿಕೆ ಏನಾದರೂ ಇದೆಯೇ?

ಉತ್ತರ: ದಯವಿಟ್ಟು ಎಲ್ಲವನ್ನೂ ಕೀಳಬೇಡಿ. ಈ ಕೆಲಸದಲ್ಲಿ ಅಂಟಿಸುವುದಕ್ಕಿಂತ ಅಳತೆ ಹಿಡಿಯುವುದು ದೊಡ್ಡದು, ಆ ಅಳತೆ ಬರೆದಿರುವುದು ನಿಮ್ಮ ಹಳೆಯ ಹ್ಯಾಮರ್‌ಗಳಲ್ಲಿ ಮಾತ್ರ. ಹ್ಯಾಮರಿನ ಮೂತಿಯಿಂದ, ಅದನ್ನು ಹೊತ್ತಿರುವ ಕಡ್ಡಿ ಕೂರುವ ರಂಧ್ರದ ನಡುವಿನವರೆಗಿನ ದೂರ ಸರಿಯಿದ್ದರೆ ಮಾತ್ರ, ತಂತಿಗೆ ತಾಗುವ ಕ್ಷಣದಲ್ಲಿ ಕಡ್ಡಿ ತಂತಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ನಿಂತು ಪೆಟ್ಟು ನೇರವಾಗಿ ಬೀಳುತ್ತದೆ. ಬಟ್‌ನಿಂದ, ಅಂದರೆ ಕಡ್ಡಿಯ ಬುಡ ಕೂರುವ ಮರದ ತುಂಡಿನಿಂದ, ಹ್ಯಾಮರಿನ ನಡುವಿನವರೆಗಿನ ಉದ್ದವು ತಂತಿಯ ಯಾವ ಬಿಂದುವಿಗೆ ಪೆಟ್ಟು ಬೀಳಬೇಕೆಂಬುದನ್ನು ತೀರ್ಮಾನಿಸುತ್ತದೆ. ಪಿಯಾನೊದ ಬಹುಪಾಲು ಭಾಗದಲ್ಲಿ ಈ ಬಿಂದು ತಂತಿಯ ತುದಿಯಿಂದ, ಅದರ ನಾದ ಕೊಡುವ ಉದ್ದದ ಏಳನೆಯ ಒಂದರಿಂದ ಒಂಬತ್ತನೆಯ ಒಂದು ಭಾಗದಷ್ಟು ದೂರದಲ್ಲಿರುತ್ತದೆ. ತಾರದಲ್ಲಿ ತಂತಿಗಳು ಕಿರಿದಾಗುವುದರಿಂದ ಅಲ್ಲಿ 1 ಮಿಲಿಮೀಟರ್ ತಪ್ಪಿದರೂ ಸ್ವರ ಬಡವಾಗುತ್ತದೆ. ಅಡ್ಡ ತಂತಿಗಳ ಪಿಯಾನೊಗಳಲ್ಲಿ ಮಂದ್ರದ ತಂತಿಗಳು ಓರೆಯಾಗಿ ಹಾದುಹೋಗುವುದರಿಂದ ಆ ಭಾಗದ ಹ್ಯಾಮರ್‌ಗಳ ರಂಧ್ರವನ್ನೂ ಓರೆಯಾಗಿಯೇ ಕೊರೆದಿರುತ್ತಾರೆ.

ಆದ್ದರಿಂದ ಪ್ರತಿ ವಿಭಾಗದ ಮೊದಲ ಮತ್ತು ಕೊನೆಯ ಹ್ಯಾಮರ್‌ಗಳನ್ನು ಕಡ್ಡಿಯ ಸಮೇತ ಮಾದರಿಯಾಗಿ ಉಳಿಸಿಕೊಳ್ಳಿ, ಬಟ್‌ಗಳ ಮೇಲೆ ಪೆನ್ಸಿಲಿನಿಂದ ಸಂಖ್ಯೆ ಬರೆಯಿರಿ, ಆ ಮಾದರಿಗಳನ್ನೇ ಸರಬರಾಜುದಾರರಿಗೆ ಕಳಿಸಿ ರಂಧ್ರ ಕೊರೆಸಿಕೊಳ್ಳಿ. ಮೂತಿ ಸವೆದಿದ್ದರೆ ಅಷ್ಟನ್ನು ಲೆಕ್ಕಕ್ಕೆ ಸೇರಿಸಲು ಹೇಳಬೇಕು; ಸವೆದ ಮೂತಿಯಿಂದ ಅಳೆದರೆ ಹೊಸ ಹ್ಯಾಮರ್‌ಗಳು ಗಿಡ್ಡವಾಗುತ್ತವೆ. ಎಲ್ಲ ಪಿಯಾನೊಗಳಲ್ಲೂ 88 ಕೀಗಳಿರುತ್ತವೆಂಬ ನಂಬಿಕೆಯೂ ಬೇಡ, ಹಳೆಯವುಗಳಲ್ಲಿ 85 ಇರುವುದು ಸಾಮಾನ್ಯ.

ಅಂಟಿಸುವುದಕ್ಕೆ ಮೊದಲು ಬಟ್‌ಗಳ ಕೀಲುಗಳನ್ನು ಪರೀಕ್ಷಿಸಿ. ಹ್ಯಾಮರ್ ಹಿಡಿದು ಪಕ್ಕಕ್ಕೆ ಮೆಲ್ಲನೆ ಅಲ್ಲಾಡಿಸಿದಾಗ ಬುಡದಲ್ಲಿ ಕಟಕಟ ಎಂದರೆ ಅಲ್ಲಿನ ಪಿನ್ ಸಡಿಲವಾಗಿದೆ ಎಂದರ್ಥ. ಅದರ ಮೇಲೆ ಹೊಸ ಹ್ಯಾಮರ್ ಕೂರಿಸುವುದು ವ್ಯರ್ಥ, ಪೆಟ್ಟು ಬೀಳುವ ಜಾಗ ಪ್ರತಿ ಸಲವೂ ಬದಲಾಗುತ್ತದೆ. ಬಟ್‌ಗಳನ್ನು ಬಿಚ್ಚುವಾಗ ಹಿಂದಕ್ಕೆಳೆಯುವ ಬಟ್ಟೆಯ ಪಟ್ಟಿಗಳನ್ನು ತಂತಿಕೊಕ್ಕೆಯಿಂದ ಮೊದಲು ಕಳಚಬೇಕು. ವಯಸ್ಸಾದ ಪಟ್ಟಿಗಳು ಮುಟ್ಟಿದರೆ ಹರಿಯುವುದರಿಂದ ಅವನ್ನೂ ಇದೇ ಹೊತ್ತಿಗೆ ಹೊಸದು ಮಾಡಿಬಿಡುವುದು ಲೇಸು.

ಅಂಟಿನ ವಿಷಯದಲ್ಲಿ ನನ್ನ ಆಯ್ಕೆ ಚರ್ಮದಿಂದ ತಯಾರಿಸಿ ಬಿಸಿ ಮಾಡಿ ಹಚ್ಚುವ ಹಳೆಯ ಅಂಟು. ಅದು ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಳಸುವಂಥದು, ಬೇಗ ಬಿಗಿಯುತ್ತದೆ, ಮುಂದೆಂದಾದರೂ ಬಿಡಿಸಬೇಕಾದರೆ ಶಾಖಕ್ಕೆ ಬಿಡುತ್ತದೆ. ಮೊದಲ ಬಾರಿ ಮಾಡುವವರಿಗೆ ಆ ಅವಸರ ಕಷ್ಟವೆನಿಸಿದರೆ ತಣ್ಣಗಿದ್ದೂ ದ್ರವವಾಗಿರುವ ಅದರದೇ ರೂಪ ಅನುಕೂಲ. ಕಡ್ಡಿ ರಂಧ್ರದೊಳಗೆ ಜಾರಿ ಹೋಗಬೇಕು, ಬಿಗಿಯಾದರೆ ಅಂಟು ಹೊರಗೇ ಉಳಿಯುತ್ತದೆ. ಮೊದಲು ಒಣಗಿರುವಂತೆಯೇ ಕೂರಿಸಿ ನೋಡಿ. ಅಂಟು ಹಚ್ಚಿದ ಮೇಲೆ ಹ್ಯಾಮರನ್ನು ಕಡ್ಡಿಯ ಮೇಲೆ ಒಂದು ಸುತ್ತು ತಿರುಗಿಸಿದರೆ ಅಂಟು ಎಲ್ಲೆಡೆ ಹರಡಿ, ಕೂಡಿಕೆಯ ಸುತ್ತ ತೆಳ್ಳನೆಯ ಉಂಗುರದಂತೆ ನಿಲ್ಲುತ್ತದೆ. ಆ ಉಂಗುರ ಕಂಡರೆ ಕೂಡಿಕೆ ಗಟ್ಟಿ. ತುದಿಯ ಮಾದರಿಗಳನ್ನು ಕೂರಿಸಿ ಅವುಗಳ ನಡುವೆ ನೇರ ಪಟ್ಟಿ ಹಿಡಿದು, ಉಳಿದವನ್ನು ಆ ಗೆರೆಗೆ ತನ್ನಿ. ಪ್ರತಿ ಹ್ಯಾಮರ್ ತನ್ನ ಎಲ್ಲ ತಂತಿಗಳಿಗೂ ಒಮ್ಮೆಗೇ ತಾಗುತ್ತದೆಯೇ, ಪಕ್ಕದ ಹ್ಯಾಮರಿಗೆ ಉಜ್ಜುತ್ತದೆಯೇ ಎಂದು ಅಂಟು ಹಸಿಯಿರುವಾಗಲೇ ನೋಡಬೇಕು.

ಪ್ರಶ್ನೆ: ಹೊಸ ಹ್ಯಾಮರ್‌ಗಳನ್ನು ಹಾಕಿಸಿದ ಮೇಲೆ ನಾದ ಮಂಕಾಗಿದೆ, ಕೆಲವು ಸ್ವರಗಳು ಒಂದೇ ಒತ್ತಿಗೆ ಎರಡು ಬಾರಿ ಹೊಡೆಯುತ್ತವೆ. ಕೆಲಸ ಕೆಟ್ಟಿತೇ?

ಉತ್ತರ: ಮಂಕುತನಕ್ಕೆ ಕಾಯಿರಿ, ಹೊಸ ಫೆಲ್ಟ್ ಮೆತ್ತಗಿರುತ್ತದೆ, ನುಡಿಸುತ್ತ ಹೋದಂತೆ ಅದು ಕೂಡಿಕೊಂಡು ನಾದ ತೆರೆದುಕೊಳ್ಳುತ್ತದೆ. ನಂತರ ಎಲ್ಲೋ ಮೊನಚು ಉಳಿದರೆ ಸೂಜಿಯಿಂದ ಭುಜದ ಭಾಗವನ್ನು ಚುಚ್ಚಿ ಮೃದುಗೊಳಿಸಬಹುದು, ಮೂತಿಯನ್ನು ಚುಚ್ಚಬಾರದು. ಎರಡು ಬಾರಿ ಹೊಡೆಯುವುದು ಮಾತ್ರ ಹೊಂದಾಣಿಕೆಯ ದೋಷ. ವಿಶ್ರಾಂತಿಯಲ್ಲಿ ಹ್ಯಾಮರ್ ತಂತಿಯಿಂದ ಸುಮಾರು 45 ಮಿಲಿಮೀಟರ್ ದೂರವಿದ್ದು, ಕೀಯನ್ನು ನಿಧಾನವಾಗಿ ಒತ್ತಿದಾಗ ತಂತಿಗೆ ಸುಮಾರು 3 ಮಿಲಿಮೀಟರ್ ಇರುವಾಗ ಕೀಯ ತಳ್ಳುವಿಕೆಯಿಂದ ಬಿಡುಗಡೆಯಾಗಬೇಕು; ಹೊಡೆದು ಹಿಂದಿರುಗುವಾಗ 15 ಮಿಲಿಮೀಟರಿನ ಆಸುಪಾಸಿನಲ್ಲಿ ಹಿಡಿತಕ್ಕೆ ಸಿಕ್ಕಬೇಕು. ಈ ಅಳತೆಗಳನ್ನು ಹಳೆಯ ಹ್ಯಾಮರ್‌ಗಳಿಗೆ ಹೊಂದಿಸಿದ್ದರಿಂದ ಹೊಸದಾಗಿ ಹೊಂದಿಸಲೇಬೇಕು, ಆ ಕೆಲಸ ಬಾಕಿ ಇದ್ದರೆ ದುರಸ್ತಿ ಮುಗಿದಿಲ್ಲವೆಂದೇ ತಿಳಿಯಿರಿ.

ಪ್ರಶ್ನೆ: ನಮ್ಮ ಪಿಯಾನೊದಲ್ಲಿ ಹ್ಯಾಮರ್‌ಗಳ ಮುಂದೆ ಪಂಜರದಂತೆ ತಂತಿಗಳ ಸಾಲಿದೆ. ಅದಕ್ಕೂ ಇದೇ ವಿಧಾನವೇ?

ಉತ್ತರ: ಅಲ್ಲಿ ಡ್ಯಾಂಪರ್‌ಗಳು, ಅಂದರೆ ಕೀ ಬಿಟ್ಟಾಗ ತಂತಿಯ ನಾದ ನಿಲ್ಲಿಸುವ ಭಾಗಗಳು, ಹ್ಯಾಮರ್‌ಗಳ ಮೇಲಿರುತ್ತವೆ, ಅವನ್ನು ಎತ್ತುವ ತಂತಿಗಳು ಮುಂದೆ ನಿಂತು ಕೈಗೆ ದಾರಿ ಬಿಡುವುದಿಲ್ಲ. ವಿಧಾನ ಅದೇ, ಶ್ರಮ ಬಹಳ ಹೆಚ್ಚು. ಅಂಥ ವಾದ್ಯದ ಟ್ಯೂನಿಂಗ್ ಪಿನ್‌ಗಳು (ತಂತಿ ಸುತ್ತಿರುವ, ಶ್ರುತಿಗಾಗಿ ತಿರುಗಿಸುವ ಪಿನ್‌ಗಳು) ಇನ್ನೂ ಬಿಗಿಯಾಗಿವೆಯೇ, ಶ್ರುತಿ ನಿಲ್ಲುತ್ತದೆಯೇ ಎಂದು ಪರೀಕ್ಷಿಸಿಕೊಳ್ಳದೆ ಹ್ಯಾಮರ್‌ಗಳಿಗೆ ಹಣ ಹಾಕಬೇಡಿ.