ಸ್ಪ್ಯಾನಿಷ್‌ನಲ್ಲಿ 'ಯೋ ಗುಸ್ತೊ ಲೋಸ್ ಲಿಬ್ರೋಸ್' ಯಾಕೆ ತಪ್ಪು?
'ನನಗೆ ಪುಸ್ತಕಗಳು ಇಷ್ಟ' ಅನ್ನೋಕೆ ಹೀಗೆ ಬರೆದರೆ ತಪ್ಪು ತೋರಿಸುತ್ತಿದೆ, ಇಂಥ ಬೇರೆ ವಾಕ್ಯಗಳೂ ತಪ್ಪಾಗುತ್ತಿವೆ ಅಂತ ಕೇಳಿದ್ದೀರಿ. ನೀವು ಬಹುಶಃ ಇಂಗ್ಲಿಷಿನ 'ಐ ಲೈಕ್' ಇಟ್ಟುಕೊಂಡು 'ಯೋ ಗುಸ್ತೊ' ಅಂತ ಶುರು ಮಾಡುತ್ತಿದ್ದೀರಿ. ತಪ್ಪು ಅಲ್ಲೇ ಇದೆ. ಇಂಗ್ಲಿಷ್ ಬಿಟ್ಟು ಕನ್ನಡದಿಂದ ನೇರ ಹೋಗಿ. 'ನನಗೆ ಪುಸ್ತಕಗಳು ಹಿಡಿಸುತ್ತವೆ' ಅನ್ನುತ್ತೇವೆ ಅಲ್ವಾ? ಸ್ಪ್ಯಾನಿಷ್ ಕೂಡ ಹಾಗೇ: 'ಮೆ ಗುಸ್ತಾನ್ ಲೋಸ್ ಲಿಬ್ರೋಸ್'. ಇಲ್ಲಿ ಕರ್ತೃ ಪುಸ್ತಕಗಳು, ನೀವಲ್ಲ.

ಮೊದಲು 'ಯಾರಿಗೆ' ಅನ್ನೋದನ್ನು ಹಾಕಿ: ನನಗೆ ಮೆ, ನಿನಗೆ ತೆ, ಅವನಿಗೆ ಅಥವಾ ಅವಳಿಗೆ ಲೆ, ನಮಗೆ ನೋಸ್, ಅವರೆಲ್ಲರಿಗೆ ಲೆಸ್. ಆಮೇಲೆ ಹಿಡಿಸಿದ್ದು ಒಂದೋ ಹಲವೋ ನೋಡಿ. ಒಂದಾದರೆ ಗುಸ್ತಾ, ಹಲವಾದರೆ ಗುಸ್ತಾನ್. ಓದೋದು, ಬರೆಯೋದು ಅಂತ ಎರಡು ಕೆಲಸ ಹೇಳಿದರೂ 'ಗುಸ್ತಾ' ಮಾತ್ರ, 'ಗುಸ್ತಾನ್' ಅಲ್ಲ: 'ಮೆ ಗುಸ್ತಾ ಲೆಏರ್ ಇ ಎಸ್ಕ್ರಿಬೀರ್'. ಕೊನೆಗೆ ವಸ್ತು. ಅದಕ್ಕಿಂತ ಮೊದಲು ಬರುವ ಎಲ್, ಲಾ, ಲೋಸ್, ಲಾಸ್ (ಇಂಗ್ಲಿಷಿನ 'ದಿ' ಥರದ ಪದಗಳು) ಬಿಡಬೇಡಿ. ಕನ್ನಡದಲ್ಲಿ ಇವಿಲ್ಲ, ಹಾಗಾಗಿ ನಾವು ಮರೆಯೋದು ಜಾಸ್ತಿ.

ಹೆಸರು ಹೇಳಿದರೂ ಲೆ ಇರಲೇಬೇಕು: 'ಆ ಮರೀಯಾ ಲೆ ಗುಸ್ತಾ ಎಲ್ ಲಿಬ್ರೊ' (ಇಲ್ಲಿನ 'ಆ' ಸ್ಪ್ಯಾನಿಷ್ ಪದ, ನಮ್ಮ '-ಗೆ' ಇದ್ದ ಹಾಗೆ). 'ಮರೀಯಾಗೆ ಅವಳಿಗೆ' ಅಂದ ಹಾಗೆ ಕೇಳಿಸುತ್ತೆ, ಆದರೆ ಸರಿಯಾದ ರೂಪ ಅದೇ.

'ನನಗೆ ತಲೆ ನೋಯುತ್ತಿದೆ' ಅನ್ನೋದಕ್ಕೂ ಇದೇ ದಾರಿ: 'ಮೆ ದುಏಲೆ ಲಾ ಕಬೇಸಾ'. ಆದರೆ ಕನ್ನಡದ 'ನನಗೆ' ಎಲ್ಲ ಕಡೆ ನಡೆಯೋದಿಲ್ಲ. 'ನನಗೆ ನೀರು ಬೇಕು' ಅಂದರೆ 'ಕಿಯೇರೊ ಆಗ್ವಾ', 'ನನಗೆ ಗೊತ್ತು' ಅಂದರೆ ಬರೀ 'ಸೆ'. ಇವೆರಡರಲ್ಲೂ ಕರ್ತೃ ನೀವೇ, ಮೆ ಸೇರಿಸಬೇಡಿ.

ನೀವು ಹಾಕಿರೋದು ಒಂದೇ ವಾಕ್ಯ. ಉಳಿದವೂ ಇದೇ ಕಾರಣಕ್ಕೆ ತಪ್ಪಾಗುತ್ತಿವೆಯಾ ಅಂತ ಖಚಿತವಾಗಿ ಹೇಳಲಾರೆ. ಇಷ್ಟು ತಿದ್ದಿದ ಮೇಲೂ ತಪ್ಪು ತೋರಿಸಿದರೆ ಆ ವಾಕ್ಯಗಳನ್ನೂ ಹಾಕಿ.