ಬಿಲ್ಲು, ಬೆರಳು, ಟ್ಯಾಬ್: ಓದುಗರ ಪ್ರಶ್ನೆಗೆ ಟೀಚರ ಉತ್ತರ

ಈ ಸಲ ಬಂದ ಬಿಲ್ಲುಗಾರಿಕೆಯ ಪ್ರಶ್ನೆಗಳಲ್ಲಿ ಹೆಚ್ಚಿನವು ಬೆರಳಿನದ್ದೇ, ಇಲ್ಲವೇ ಹೆದೆ ಕೊರೆಯದಂತೆ ಬೆರಳಿಗೆ ಹಾಕುವ ಪಟ್ಟಿಯದ್ದು, ಅಂದರೆ ಟ್ಯಾಬಿನದ್ದು. ಉಡುಪಿ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿದ್ದಾಗಲೂ ಹೀಗೆಯೇ. ಮಕ್ಕಳಿಗೆ ಗುರಿಯ ಚಿಂತೆ, ನನಗೆ ಅವರ ಬೆರಳಿನ ಚಿಂತೆ. ಒಂದು ಪ್ರಶ್ನೆಗೆ ಉದ್ದ ಉತ್ತರ ಬರೆದಿದ್ದೇನೆ. ಉಳಿದವರೂ ಅದನ್ನು ಓದಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಟೀಚರ್, ನನ್ನದು 35 ಪೌಂಡಿನ, 60 ಇಂಚು ಉದ್ದದ ಮರದ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು. ನನ್ನ ಎತ್ತರ ಆರಡಿ. ಬಾಣದ ಮೇಲೆ ಒಂದು ಬೆರಳು, ಕೆಳಗೆ ಎರಡು ಬೆರಳು ಇಟ್ಟು ಎಳೆಯುತ್ತೇನೆ. ಸ್ವಲ್ಪ ಹೊತ್ತಿನಲ್ಲೇ ಉಂಗುರ ಬೆರಳಿನ ತುದಿ ಜೋಮು ಹಿಡಿಯುತ್ತದೆ. ತೋರುಬೆರಳಿನ ಬದಿಗೆ ನಾಕ್ (ಹೆದೆಗೆ ಸಿಕ್ಕಿಸುವ ಬಾಣದ ಬುಡ) ಒತ್ತಿ ಕೆಂಪಾಗುತ್ತದೆ. ಎಷ್ಟೋ ಸಲ ಎಳೆಯುವಾಗಲೇ ಬಾಣ ಶೆಲ್ಫ್ (ಬಿಲ್ಲಿನಲ್ಲಿ ಬಾಣ ಕೂರುವ ಅಂಚು) ಬಿಟ್ಟು ಏಳುತ್ತದೆ. ದಪ್ಪ ಟ್ಯಾಬ್ ತೆಗೆದುಕೊಳ್ಳಲು ಒಬ್ಬರು ಹೇಳುತ್ತಾರೆ, ಮೂರೂ ಬೆರಳು ಬಾಣದ ಕೆಳಗಿಡಲು ಇನ್ನೊಬ್ಬರು. ಯಾವುದು ಸರಿ?
ಬ್ರಹ್ಮಾವರದ ಓದುಗರು

ಉತ್ತರ: ದಪ್ಪ ಟ್ಯಾಬ್ ಸದ್ಯಕ್ಕೆ ಬೇಡ ಮಾರಾಯ್ರೆ. ಟ್ಯಾಬ್ ದಪ್ಪ ಆದಷ್ಟೂ ಹೆದೆ ಎಲ್ಲಿ ಕೂತಿದೆ ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ತಪ್ಪು ಜಾಗದಲ್ಲೇ ಹಿಡಿದು ಎಳೆಯುತ್ತಿರುತ್ತೀರಿ. ನೋವು ಹೋಗುವುದಿಲ್ಲ, ಬರುವುದು ತಡವಾಗುತ್ತದೆ ಅಷ್ಟೇ.

ಮೊದಲು ಲೆಕ್ಕ ನೋಡಿ. ಬಿಲ್ಲಿನ ಮೇಲೆ ಬರೆದ 35 ಪೌಂಡು 28 ಇಂಚು ಎಳೆದಾಗಿನ ಭಾರ. ಆರಡಿ ಆಳು ನೀವು, 30 ಇಂಚಿನ ಹತ್ತಿರ ಎಳೆಯುತ್ತಿರಬಹುದು. ಅಲ್ಲಿಂದಾಚೆ ಒಂದೊಂದು ಇಂಚಿಗೂ ಎರಡು ಮೂರು ಪೌಂಡು ಏರುತ್ತದೆ. ಅಂದರೆ ಕೈಯಲ್ಲಿರುವುದು 40 ಪೌಂಡು, ಹೆಚ್ಚುಕಡಿಮೆ 18 ಕಿಲೊ. ಅಷ್ಟೂ ಭಾರ ಒಂದು ತೆಳ್ಳಗಿನ ಹೆದೆಯಿಂದ ಮೂರು ಬೆರಳಿನ ಮೇಲೆ ಬೀಳುತ್ತದೆ. ಜೋಮು ಹಿಡಿಯದೆ ಇನ್ನೇನು?

ಹೆದೆ ಕೂರಬೇಕಾದ ಜಾಗ ತುದಿಯಿಂದ ಮೊದಲ ಗೆಣ್ಣಿನ ಗೆರೆ. ನಡುಬೆರಳು ಉದ್ದ, ಆದ್ದರಿಂದ ಅದರಲ್ಲಿ ಹೆದೆ ಗೆರೆಗಿಂತ ಒಂದು ಚೂರು ಒಳಗೆ, ಅಂಗೈ ಕಡೆಗೆ ಕೂರುತ್ತದೆ. ತೋರುಬೆರಳಲ್ಲೂ ಉಂಗುರ ಬೆರಳಲ್ಲೂ ಗೆರೆಯ ಮೇಲೆಯೇ. ಹೆಚ್ಚಿನವರು ಬಾಣ ನಯವಾಗಿ ಹೋಗಲಿ ಎಂದು ತುದಿಯ ಮೆತ್ತನೆ ಭಾಗದಲ್ಲಿ ಹಿಡಿಯುತ್ತಾರೆ. ಆಗುವುದು ಉಲ್ಟಾ. ತುದಿಯಲ್ಲಿ ಹಿಡಿದರೆ ಹೆದೆ ಜಾರದಂತೆ ಬೆರಳು ಬಿಗಿಯಬೇಕು, ಬೆರಳು ಬಿಗಿದರೆ ಮುಂಗೈ ಬಿಗಿಯುತ್ತದೆ, ಬಿಡುವಾಗ ಹೆದೆ ತಿರುಚಿಕೊಂಡು ಹೋಗುತ್ತದೆ. ಒಳಗೆ ಕೊಕ್ಕೆ ಹಾಕಿದರೆ ಹಿಡಿತಕ್ಕೆ ಬಲವೇ ಬೇಡ. ಬಾವಿಯಿಂದ ತುಂಬಿದ ಬಾಲ್ದಿ ಎತ್ತಿಕೊಂಡು ಬರುವಾಗ ಬೆರಳು ಕೊಕ್ಕೆಯಾಗಿರುತ್ತದೆ, ಮಣಿಕಟ್ಟು ಸುಮ್ನೆ ನೇರವಾಗಿರುತ್ತದೆ ಅಲ್ವಾ, ಅದೇ ರೀತಿ. ಹಿಂಗೈ ಚಪ್ಪಟೆಯಾಗಿರಲಿ. ಗೆಣ್ಣುಗಳು ಗುಡ್ಡದ ಹಾಗೆ ಎದ್ದಿದ್ದರೆ ಮುಷ್ಟಿ ಹಿಡಿದಿದ್ದೀರಿ ಎಂದೇ ಅರ್ಥ.

ಭಾರ ಜಾಸ್ತಿ ಹೊರಬೇಕಾದದ್ದು ನಡುಬೆರಳು. ನಿಮ್ಮ ಉಂಗುರ ಬೆರಳು ಎಳೆಯಲು ಶುರು ಮಾಡುವಾಗ ಸರಿಯಾಗಿಯೇ ಇರುತ್ತದೆ, ಕೊನೆಗೆ ತುದಿಗೆ ಜಾರುತ್ತದೆ ಎಂದು ನನ್ನ ಅನುಮಾನ. ಅದಕ್ಕೇ ತುದಿ ಜೋಮು. ಎರಡು ಮೊಳ ನೈಲಾನ್ ಹಗ್ಗ ತೆಗೆದುಕೊಂಡು ಕುಣಿಕೆ ಹಾಕಿ. ಒಂದು ತುದಿ ಎಡಗೈಯಲ್ಲಿ, ಇನ್ನೊಂದು ಬಲಗೈಯ ಮೂರು ಬೆರಳಲ್ಲಿ. ಬಿಲ್ಲಿಲ್ಲದೆ ಎಳೆದು ಹಿಡಿದು ನಿಲ್ಲಿ, ಮನೆಯವರಿಂದ ಬದಿಯಿಂದ ಒಂದು ಫೋಟೊ ತೆಗೆಸಿ. ಯಾವ ಬೆರಳು ಕಳ್ಳಾಟ ಆಡುತ್ತಿದೆ ಎಂದು ನಿಮಗೇ ಕಾಣುತ್ತದೆ. ಜೋಮು ಮರುದಿನವೂ ಉಳಿದರೆ ಬಿಲ್ಲು ಗೋಡೆಗೆ ತೂಗುಹಾಕಿ ಡಾಕ್ಟರರಿಗೆ ತೋರಿಸಿ. ಬೆರಳಿನ ಎರಡೂ ಬದಿಯಲ್ಲಿ ನರ ಉಂಟು, ಅದರ ಜೊತೆ ಹಟ ಬೇಡ.

ಇನ್ನು ನಾಕ್ ಒತ್ತುವುದು. ಅದರಲ್ಲಿ ನಿಮ್ಮ ಬೆರಳಿಗಿಂತ ಬಿಲ್ಲಿನ ತಪ್ಪೇ ದೊಡ್ಡದು. 60 ಇಂಚಿನ ಬಿಲ್ಲನ್ನು 30 ಇಂಚು ಎಳೆದರೆ ಹೆದೆ ಚೂಪಾದ ಕೋನದಲ್ಲಿ ಮಡಚುತ್ತದೆ. ಆ ಸಂದಿಯಲ್ಲಿ ಮೇಲಿನ ಬೆರಳೂ ಕೆಳಗಿನ ಬೆರಳೂ ನಾಕನ್ನು ಅಮುಕುತ್ತವೆ, ಬಾಣ ಶೆಲ್ಫ್ ಬಿಟ್ಟು ಏಳುತ್ತದೆ. ಬಾಣಕ್ಕೂ ಬೆರಳಿಗೂ ನಡುವೆ ಚೂರು ಜಾಗ ಬಿಡಿ. ನಡುವೆ ದಪ್ಪ ತುಂಡು, ಅಂದರೆ ಸ್ಪೇಸರ್, ಇರುವ ಟ್ಯಾಬ್ ಆದರೆ ಆ ಜಾಗ ತಾನಾಗಿ ಉಳಿಯುತ್ತದೆ. ಮುಂದೆ ಬಿಲ್ಲು ಬದಲಿಸುವಾಗ 66 ಅಥವಾ 68 ಇಂಚಿನದ್ದೇ ನೋಡಿ. ಭಾರವೂ 30 ಪೌಂಡಿನ ಒಳಗಿರಲಿ.

ಮೂರೂ ಬೆರಳು ಕೆಳಗಿಟ್ಟರೆ ಅಮುಕುವ ತೊಂದರೆ ಹೆಚ್ಚುಕಡಿಮೆ ಮುಗಿಯುತ್ತದೆ. ಬಾಣವೂ ಕಣ್ಣಿಗೆ ಹತ್ತಿರ ಬರುತ್ತದೆ. ತೋಟದಲ್ಲಿ 10, 20 ಮೀಟರಿಗೆ ಬಿಡುವವರಿಗೆ ಬಾಣದ ಮೊನೆ ನೋಡಿಕೊಂಡು ಗುರಿ ಇಡಲು ಇದು ಸುಲಭ. ದೂರ ಹೋದ ಹಾಗೆ ಮೊನೆಯನ್ನು ಗುರಿಗಿಂತ ಮೇಲೆ ಹಿಡಿಯಬೇಕಾಗುತ್ತದೆ, ಆಗ ಒಂದು ಮೇಲೆ ಎರಡು ಕೆಳಗೆ ಇಡುವುದೇ ವಾಸಿ. ಒಲಿಂಪಿಕ್ಸ್‌ನಲ್ಲಿ 70 ಮೀಟರಿಗೆ ಬಿಡುವವರು ಹಾಗೆ ಹಿಡಿಯುವುದನ್ನು ಟಿವಿಯಲ್ಲಿ ನೋಡಿರಬಹುದು. ಆದರೆ ಬೆರಳು ಬದಲಿಸಿದರೆ ಬಿಲ್ಲನ್ನೂ ಹೊಂದಿಸಬೇಕು, ಇದನ್ನು ಯಾರೂ ಹೇಳುವುದಿಲ್ಲ. ಎಳೆತ ಕೆಳಗೆ ಇಳಿಯುವುದರಿಂದ ಬಿಲ್ಲಿನ ಕೆಳಗಿನ ತೋಳಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಹೆದೆಯ ಮೇಲಿನ ನಾಕಿಂಗ್ ಪಾಯಿಂಟನ್ನು, ಅಂದರೆ ಬಾಣ ಸಿಕ್ಕಿಸುವ ಜಾಗದ ಗುರುತನ್ನು, ಸ್ವಲ್ಪ ಮೇಲೆ ಸರಿಸಬೇಕು. ಬಾಣ ಕೆಳಗೆ ಜಾರದಂತೆ ನಾಕಿನ ಕೆಳಗೂ ಒಂದು ಗಂಟು ಕಟ್ಟಬೇಕು. ಅದು ಮಾಡದೆ ಬಿಟ್ಟರೆ ಬಾಣ ಬಾಲವನ್ನು ಮೇಲೆ ಕೆಳಗೆ ಆಡಿಸಿಕೊಂಡು ಹೋಗುತ್ತದೆ, ಮತ್ತೆ ಬೈಗುಳ ಬೆರಳಿಗೆ.

ನಿಮಗೆ ನನ್ನ ಸಲಹೆ: ಈ ಗಿಡ್ಡ ಬಿಲ್ಲು ಇರುವಷ್ಟು ದಿನ ಮೂರೂ ಬೆರಳು ಕೆಳಗೆ. ಟ್ಯಾಬ್ ಆಮೇಲೆ. ಹಾಗೆ ಹಿಡಿಯುವವರಿಗೆ ನಡುವೆ ಸೀಳಿಲ್ಲದ ಒಂದೇ ಪಟ್ಟಿಯ ಟ್ಯಾಬ್ ಬೇಕು. ಒಂದು ಮೇಲೆ ಎರಡು ಕೆಳಗೆ ಹಿಡಿಯುವವರಿಗೆ ಸೀಳಿರುವುದು ಬೇಕು. ಬೆರಳು ಎಲ್ಲಿಡುವುದು ಎಂದು ತೀರ್ಮಾನಿಸದೆ ಟ್ಯಾಬ್ ತಂದವರ ಮನೆಯ ಡ್ರಾಯರಿನಲ್ಲಿ ಎರಡು ಮೂರು ಟ್ಯಾಬ್ ಸುಮ್ನೆ ಬಿದ್ದಿರುತ್ತವೆ.

ಪ್ರಶ್ನೆ: ಗ್ಲೌಸ್ ಒಳ್ಳೆಯದಾ, ಟ್ಯಾಬ್ ಒಳ್ಳೆಯದಾ? ಟ್ಯಾಬ್‌ನಲ್ಲಿ ಯಾವ ಚರ್ಮ? ಹಾಸ್ಟೆಲ್ ಹುಡುಗ ನಾನು, ಜಾಸ್ತಿ ದುಡ್ಡಿಲ್ಲ.
ಸುರತ್ಕಲ್‌ನ ವಿದ್ಯಾರ್ಥಿ

ಉತ್ತರ: ಗ್ಲೌಸ್ ಹಾಕಿಕೊಂಡರೆ ಕೈ ಖಾಲಿ ಇರುತ್ತದೆ, ಬಾಣ ಹೆಕ್ಕಬಹುದು, ನೀರು ಕುಡಿಯಬಹುದು. ಆದರೆ ದಿನ ಕಳೆದಂತೆ ಹೆದೆ ಕೂರುವಲ್ಲಿ ಗುಂಡಿ ಬೀಳುತ್ತದೆ. ಮೂರು ಬೆರಳಿಗೆ ಮೂರು ಗುಂಡಿ, ಮೂರೂ ಬೇರೆ ಬೇರೆ ಹೊತ್ತಿಗೆ ಹೆದೆ ಬಿಡುತ್ತವೆ. ನಮ್ಮ ಊರಿನ ಸೆಕೆಗೆ ಒಳಗೆ ಬೆವರು ಬೇರೆ. ಟ್ಯಾಬ್ ಆದರೆ ಮೂರು ಬೆರಳಿಗೂ ಒಂದೇ ಹಾಸು. ನಾನು ಟ್ಯಾಬ್ ಪಕ್ಷ.

ಕಾರ್ಡೊವನ್ ಎಂದು ದುಬಾರಿ ಚರ್ಮ ಒಂದುಂಟು, ಕುದುರೆಯ ಹಿಂಭಾಗದ್ದು. ನುಣುಪು, ಬಾಳಿಕೆ ಎರಡೂ ಇದೆ. ನಿನಗೆ ಈಗ ಬೇಡ. ಗಟ್ಟಿಯಾದ, ನುಣುಪು ಮೈಯ ದನದ ಚರ್ಮ ಎರಡು ಮಿಲಿಮೀಟರ್ ದಪ್ಪದ್ದು ಚಪ್ಪಲಿ ಹೊಲಿಯುವವರ ಹತ್ತಿರ ಕೇಳು. ಹಿಂದೆ ಒಂದು ಪದರ ಮೆತ್ತನೆ ಚರ್ಮ ಅಂಟಿಸು, ನಡುಬೆರಳಿಗೆ ತೂತು ಹಾಕು. ಮೊದಲು ದೊಡ್ಡದಾಗಿಯೇ ಕತ್ತರಿಸಿಕೋ. ಬೆರಳು ಕೊಕ್ಕೆ ಹಾಕಿದ ಹಾಗೆಯೇ ಇಟ್ಟುಕೊಂಡು, ತುದಿಯಿಂದ ಆಚೆ ಚಾಚಿದ್ದನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಬಾ. ಜಾಸ್ತಿ ಚಾಚಿದರೆ ಹೆದೆ ಅದನ್ನು ಎಳೆದುಕೊಂಡು ಹೋಗುತ್ತದೆ. ಜಾಸ್ತಿ ಕತ್ತರಿಸಿದರೆ ಬೆರಳ ತುದಿ ಬರಿದಾಗುತ್ತದೆ, ಅಂಟಿಸಲು ಆಗುವುದಿಲ್ಲ. ಮೂಲೆಗಳನ್ನು ಗುಂಡಗೆ ಮಾಡು.

ಬೆರಳಿಗೆ ಚರ್ಮ ಕಟ್ಟುವುದು ಈಗಿನ ಫ್ಯಾಷನ್ ಅಲ್ಲ. ವಿಶ್ವಾಮಿತ್ರರ ಹಿಂದೆ ಹೊರಟ ರಾಮಲಕ್ಷ್ಮಣರೂ ಉಡದ ಚರ್ಮದ ರಕ್ಷೆ ಕಟ್ಟಿಕೊಂಡಿದ್ದರು ಎಂದು ವಾಲ್ಮೀಕಿ ಹೇಳುತ್ತಾನೆ. ನೀನು ಉಡದ ಹತ್ತಿರ ಹೋಗಬೇಡ, ಹಿಡಿದರೆ ಅರಣ್ಯ ಇಲಾಖೆಯವರು ಬರುತ್ತಾರೆ.

ಪ್ರಶ್ನೆ: ಮಳೆಗಾಲದಲ್ಲಿ ಟ್ಯಾಬ್‌ಗೆ ಬೂಷ್ಟು ಬರುತ್ತದೆ. ತೆಂಗಿನೆಣ್ಣೆ ಹಚ್ಚಬಹುದೇ?
ಪುತ್ತೂರಿನ ಓದುಗರು

ಉತ್ತರ: ತೆಂಗಿನೆಣ್ಣೆ ತಲೆಗೆ ಹಚ್ಚಿ, ಟ್ಯಾಬ್‌ಗೆ ಬೇಡ. ಚರ್ಮ ಮೆತ್ತಗಾಗಿ ಹೆದೆ ಅದರೊಳಗೆ ಹೂತುಕೊಳ್ಳುತ್ತದೆ, ಎಣ್ಣೆ ಹೆದೆಯ ನೂಲಿಗೂ ಹತ್ತುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ನಮ್ಮದು. ಇಲ್ಲಿ ಚಪ್ಪಲಿ, ಬೆಲ್ಟು ಯಾವುದಕ್ಕೆ ಬೂಷ್ಟು ಬರುವುದಿಲ್ಲ ಹೇಳಿ. ಒಣ ಬಟ್ಟೆಯಲ್ಲಿ ಅಂಗಳದಲ್ಲೇ ಒರೆಸಿ, ಫ್ಯಾನ್ ಕೆಳಗೆ ಒಣಗಿಸಿ. ಬಿಸಿಲಿಗೋ ಒಲೆಯ ಮೇಲೋ ಇಟ್ಟರೆ ಚರ್ಮ ಸೆಟೆದುಕೊಳ್ಳುತ್ತದೆ. ಪೂರ್ತಿ ಒಣಗಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಒದ್ದೆ ಇರುವಾಗ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಮಾತ್ರ ಕಥೆ ಮುಗಿಯಿತು.

ಕರುವಿನ ಕೂದಲಿರುವ ಟ್ಯಾಬ್ ಬೇಸಿಗೆಯಲ್ಲಿ ಬೆಣ್ಣೆಯಂತೆ ಜಾರುತ್ತದೆ, ಜೂನ್ ಬಂದರೆ ಒದ್ದೆಯಾಗಿ ಅಂಟಿಕೊಳ್ಳುತ್ತದೆ. ಮಳೆಗಾಲಕ್ಕೆಂದು ಒಂದು ಸಿಂಥೆಟಿಕ್ ಮೈಯ ಟ್ಯಾಬ್ ಇಟ್ಟುಕೊಳ್ಳುವುದು ಜಾಣತನ. ಟಾಲ್ಕಂ ಪೌಡರ್ ಒಣ ದಿನಕ್ಕೆ ಸರಿ, ಅದೂ ಚಿಟಿಕೆ. ಒದ್ದೆಯಲ್ಲಿ ಅದು ಹಿಟ್ಟಾಗುತ್ತದೆ.

ಪ್ರಶ್ನೆ: ಟ್ಯಾಬ್ ಮೇಲೆ ಅಳತೆಯ ಗೆರೆ ಎಳೆದುಕೊಂಡರೆ ಸ್ಪರ್ಧೆಯಲ್ಲಿ ಬಿಡುತ್ತಾರಾ?
ಕಾರ್ಕಳದ ಓದುಗರು

ಉತ್ತರ: ನೀವು ಇಳಿಯುವ ವಿಭಾಗ ಯಾವುದು ಎಂಬುದರ ಮೇಲೆ. ವರ್ಲ್ಡ್ ಆರ್ಚರಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಲ್ಲಿ ಬೇರ್‌ಬೋ (ಗುರಿ ಹಿಡಿಯುವ ಸೈಟ್ ಇಲ್ಲದ ಬಿಲ್ಲಿನ) ವಿಭಾಗದವರು ದೂರಕ್ಕೆ ತಕ್ಕಂತೆ ಬೆರಳನ್ನು ಹೆದೆಯ ಮೇಲೆ ಕೆಳಗೆ ಸರಿಸಬಹುದು. ಎಷ್ಟು ಸರಿಸಿದೆ ಎಂದು ಅಳೆಯುವ ಟ್ಯಾಬ್‌ನ ಗೆರೆಗಳು ಒಂದೇ ಅಳತೆ, ಒಂದೇ ಬಣ್ಣದಲ್ಲಿದ್ದರೆ ಅಡ್ಡಿಯಿಲ್ಲ. ಟ್ರೆಡಿಷನಲ್ ವಿಭಾಗದಲ್ಲಿ ಬೆರಳು ಸರಿಸುವುದಕ್ಕೇ ಅವಕಾಶವಿಲ್ಲ.

ಪ್ರಶ್ನೆ: ಗಿಡ್ಡ ಕುದುರೆ ಸವಾರರ ಬಿಲ್ಲು ತರಿಸಿದ್ದೇನೆ, 50 ಇಂಚು. ಮೂರು ಬೆರಳೂ ಒಳಗೆ ಸಿಕ್ಕಿಕೊಳ್ಳುತ್ತವೆ. ಟ್ಯಾಬ್ ಯಾವುದು ಹಾಕಲಿ?
ಮೂಡುಬಿದಿರೆಯ ಓದುಗರು

ಉತ್ತರ: ಯಾವುದೂ ಬೇಡ. ಅದು ಹೆಬ್ಬೆರಳಿನ ಬಿಲ್ಲು. ಹೆಬ್ಬೆರಳಿನಿಂದ ಹೆದೆಗೆ ಕೊಕ್ಕೆ ಹಾಕಿ, ತೋರುಬೆರಳಿನಿಂದ ಅದರ ಉಗುರನ್ನು ಒತ್ತಿ ಹಿಡಿಯುತ್ತಾರೆ. ಹೆದೆಯನ್ನು ಒಂದೇ ಜಾಗ ಎಳೆಯುವುದರಿಂದ ಕೋನ ಎಷ್ಟು ಚೂಪಾದರೂ ಅಮುಕುವುದಿಲ್ಲ. ಬಲಗೈಯವರು ಬಾಣವನ್ನು ಬಿಲ್ಲಿನ ಬಲಗಡೆ ಇಡಬೇಕು, ಇದು ತುಂಬ ಮುಖ್ಯ. ರಕ್ಷೆಗೆ ಹೆಬ್ಬೆರಳಿಗೆ ಉಂಗುರ. ಕೊರಿಯಾದವರು ಈಗಲೂ ಹಾಕುತ್ತಾರೆ, ಮೊಗಲರ ಕಾಲದ ಜೇಡ್ ಕಲ್ಲಿನ ಉಂಗುರಗಳು ಮ್ಯೂಸಿಯಂಗಳಲ್ಲಿವೆ. ನೀವು ಚರ್ಮದ ಉಂಗುರದಿಂದ, 20 ಅಥವಾ 25 ಪೌಂಡಿನಿಂದ ಶುರು ಮಾಡಿ.

ದ್ರೋಣರು ಏಕಲವ್ಯನಿಂದ ಯಾವ ಬೆರಳು ಕೇಳಿದರು ನೋಡಿ. ಆಮೇಲೆ ಅವನು ಉಳಿದ ಬೆರಳುಗಳಿಂದ ಬಾಣ ಬಿಟ್ಟ, ಮೊದಲಿನ ವೇಗ ಇರಲಿಲ್ಲ ಎಂದು ಮಹಾಭಾರತದಲ್ಲೇ ಉಂಟು. ಇಷ್ಟು ಬಿಲ್ವಿದ್ಯೆ ಗೊತ್ತಿದ್ದವರು ಆ ಕಥೆ ಕಟ್ಟಿದ್ದಾರೆ. ಗುರುಗಳ ಬಗ್ಗೆ ನನ್ನ ಅಭಿಪ್ರಾಯ ಇಲ್ಲಿ ಬರೆಯುವುದಿಲ್ಲ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಯಕ್ಷಗಾನದ ಅರ್ಜುನನನ್ನು ನೋಡಿ ಬಿದಿರಿನ ಬಿಲ್ಲು ಮಾಡಿಸಿಕೊಂಡಿದ್ದಾಳೆ. ಹೆಬ್ಬೆರಳು, ತೋರುಬೆರಳಿನಲ್ಲಿ ಬಾಣದ ಬುಡ ಚಿವುಟಿ ಎಳೆಯುತ್ತಾಳೆ. ತಿದ್ದಬೇಕೇ?
ಕುಂದಾಪುರದ ತಾಯಿ

ಉತ್ತರ: ಈಗಲೇ ಬೇಡಮ್ಮ. ಎಲ್ಲ ಮಕ್ಕಳೂ ಮೊದಲು ಹಾಗೇ ಹಿಡಿಯುವುದು. ಹಗುರ ಬಿಲ್ಲಿಗೆ ಅದು ಸಾಕು. ಬಿಲ್ಲು ಗಟ್ಟಿಯಾದ ಕೂಡಲೇ ಚಿವುಟಿದ ಹಿಡಿತ ಜಾರುತ್ತದೆ, ಆಗ ಮೂರು ಬೆರಳು ತೋರಿಸಿಕೊಡಿ, ಒಂದು ತೆಳು ಟ್ಯಾಬ್ ಹೊಲಿಸಿ. ಬಿದಿರು ಎಂದು ಕಡೆಗಣಿಸಬೇಡಿ. ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ ಬಿದಿರಿನ ಬಿಲ್ಲಿನಿಂದಲೇ 30 ಮತ್ತು 50 ಮೀಟರಿಗೆ ಬಿಡುತ್ತಾರೆ. ಬಾಣ ಇಲ್ಲದೆ ಹೆದೆ ಎಳೆದು ಬಿಡಲು ಮಾತ್ರ ಬಿಡಬೇಡಿ, ಬಿಲ್ಲು ಸೀಳುತ್ತದೆ. ಮತ್ತೆ ಗುರಿಯನ್ನು ಕೆಂಪುಕಲ್ಲಿನ ಕಂಪೌಂಡಿಗೆ ಒರಗಿಸಿಡಬೇಡಿ. ತಪ್ಪಿದ ಬಾಣ ಕಲ್ಲಿಗೆ ಬಡಿದು ವಾಪಸ್ ಬರುತ್ತದೆ. ಗೋಣಿಗೆ ಬೈಹುಲ್ಲು ಬಿಗಿಯಾಗಿ ತುಂಬಿಸಿ ಇಡಿ, ಅದರ ಹಿಂದೆ ಇನ್ನೂ ಎರಡು ಗೋಣಿ ಇರಲಿ.